ಭಾವಮೈದನ ಕ್ಲೋಸಪ್

ನನ್ನ ಹೆಂಡತಿಯ ತಮ್ಮ ಸಿನಿಮಾ ನಟ. ಹೀಗೆಂದ ಕೂಡಲೇ ಜನ ಹೆಸರು ಕೇಳುತ್ತಾರೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದರೆ ಮಾತ್ರ, "ಓ ಇವ್ರಾ, ಎಲ್ಲೋ ನೋಡಿದೀನಿ ಕಣ್ರೀ" ಅನ್ನುತ್ತಾರೆ. ಆ 'ಎಲ್ಲೋ' ಅನ್ನುವ ಮಾತು ಕಿವಿಗೆ ಬಿದ್ದಾಗ ನನಗಾಗುವ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ಅರೆಗಳಿಗೆಯದು. ಅವರು ಫೋನನ್ನು ಇನ್ನಷ್ಟು ಹತ್ತಿರ ಹಿಡಿದು, "ಒಳ್ಳೇ ಆಕ್ಟ್ರು" ಅಂದುಬಿಡುತ್ತಾರೆ. ಅಲ್ಲಿಗೆ ನನ್ನ ಮಧ್ಯಾಹ್ನದ ಊಟ ಕೆಟ್ಟ ಹಾಗೆ.

ನಟನೆಯೆಂದರೆ ನಮ್ಮ ಮನೆಯಲ್ಲಿ ಮೊದಲಿಗ ನಾನು. ಚನ್ನರಾಯಪಟ್ಟಣದಲ್ಲಿ ನನ್ನದು ಕೊಬ್ಬರಿ ವ್ಯಾಪಾರ, ಅದು ಹೊಟ್ಟೆಪಾಡು. ಪೌರಾಣಿಕ ನಾಟಕ ನನ್ನ ಪ್ರಾಣ. ಹಾಸನದಿಂದ ಹಿಡಿದು ಅರಕಲಗೂಡಿನವರೆಗೆ ಎಲ್ಲಿ ನಾಟಕದ ಸೀನರಿ ಕಟ್ಟಿದರೂ ರಾಜನ ಪಾತ್ರಕ್ಕೆ ನನ್ನನ್ನೇ ಕೇಳುತ್ತಾರೆ. ಕಿರೀಟ, ಭುಜಕೀರ್ತಿ, ಗದೆ ಎಲ್ಲ ನನಗೆ ಹೇಳಿ ಮಾಡಿಸಿದಂತಿವೆ. ನಮ್ಮ ಕಡೆ ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತೆಗೆದುಕೊಳ್ಳಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಹಾಗಂತ ಅದೇನು ದುಡ್ಡಿದ್ದವರ ಶೋಕಿಯಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂರಿಸಿಕೊಂಡು ತಿದ್ದುತ್ತಾರೆ, ಗಂಟಲು ಹರಿಯುತ್ತದೆ, ತೊಡೆ ತಟ್ಟಿ ತಟ್ಟಿ ಕೆಂಪಾಗುತ್ತದೆ.

ನಾಟಕದ ದಿನ ನೆಂಟರಿಷ್ಟರು ಹಾರ ತರುತ್ತಾರೆ. ಅದನ್ನು ಹಾಕುವುದಕ್ಕೆ ಹೊತ್ತುಗೊತ್ತಿಲ್ಲ. ರಾಜ ಶತ್ರುವಿನ ಮೇಲೆ ಗದೆ ಎತ್ತಿರಲಿ, ರಾಣಿಯ ಮುಂದೆ ಕಣ್ಣೀರಿಡುತ್ತಿರಲಿ, ಹಾರ ಹಿಡಿದವರು ಸ್ಟೇಜು ಹತ್ತಿದರೆಂದರೆ ಎಲ್ಲವೂ ನಿಲ್ಲುತ್ತದೆ. ಹಾರ್ಮೋನಿಯಂ ಶ್ರುತಿ ಹಿಡಿದುಕೊಂಡು ಕಾಯುತ್ತದೆ. ಶತ್ರುವೂ ಕಾಯುತ್ತಾನೆ. ರಾಜ ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಂಡು, ಫೋಟೋಗೆ ನಿಂತು, ಆಮೇಲೆ ಯುದ್ಧ ಮುಂದುವರಿಸುತ್ತಾನೆ. ಹೊರಗಿನವರು ನೋಡಿದರೆ ನಗಬಹುದು. ಹಾರ ಬೀಳದ ಪಾತ್ರವನ್ನು ನಮ್ಮಲ್ಲಿ ಪಾತ್ರ ಅನ್ನುವುದಿಲ್ಲ.

ನನಗೆ ಬಿದ್ದ ಹಾರಗಳಲ್ಲಿ ನನ್ನ ಹೆಂಡತಿಯದು ಒಂದೂ ಇಲ್ಲ. ಅವಳು ನಾಟಕಕ್ಕೆ ಬರುವವಳೇ ಅಲ್ಲ. "ನೀವು ಬೆಳಗಾನ ಕುಣೀತೀರ, ಬೆಳಿಗ್ಗೆ ಎದ್ದು ಹಸ ಕರಿಯೋರ್ಯಾರು?" ಅನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಕರೆದುಕೊಂಡು ಹೋಗಿದ್ದೆ. ನಾನು ಪ್ರವೇಶ ಮಾಡುವುದಕ್ಕೆ ಮೊದಲೇ ನಿದ್ದೆ ಹೋದಳು. ಹಿತ್ತಲ ಗಿಡ ಮದ್ದಲ್ಲ ಅಂತ ಸಮಾಧಾನ ಮಾಡಿಕೊಂಡೆ. ಊರೆಲ್ಲ ನೋಡಿದ್ದನ್ನು ಅವಳೊಬ್ಬಳು ನೋಡಲಿಲ್ಲವಲ್ಲ ಅನ್ನುವುದು ಮಾತ್ರ ಇವತ್ತಿನವರೆಗೂ ಎದೆಯಲ್ಲಿ ಚುಚ್ಚುತ್ತಲೇ ಇದೆ. ಒಂದೇ ಒಂದು ಸಲ ಅವಳು ಕಣ್ಣು ಬಿಟ್ಟುಕೊಂಡು ನನ್ನ ನಟನೆ ನೋಡಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಅವಳ ತಮ್ಮನ ಕಥೆಯೇ ಬೇರೆ. ಅವನದು ಹೊಳೆನರಸೀಪುರದಲ್ಲಿ ಮನೆ, ಅರಕಲಗೂಡಿನ ದನದ ಆಸ್ಪತ್ರೆಯಲ್ಲಿ ಕೆಲಸವಿತ್ತು, ಈಗ ರಿಟೈರ್ಡ್. ಹೆಂಡತಿಯ ಮಾತಿಗೆ ಕಟ್ಟುಬಿದ್ದು ನಾನೇ ಒಂದು ನಾಟಕದಲ್ಲಿ ಅವನಿಗೆ ದ್ವಾರಪಾಲಕನ ವೇಷ ಹಾಕಿಸಿದ್ದೆ. ಭರ್ಜಿ ಹಿಡಿದು ನಿಂತು, "ಜಯವಾಗಲಿ ಪ್ರಭು" ಅನ್ನಬೇಕು, ಅಷ್ಟೇ. ಅದನ್ನೂ ಪಕ್ಕದ ಮನೆಯವರನ್ನು ಕಾಫಿಗೆ ಕರೆದ ಹಾಗೆ ಅಂದ. ಮೇಷ್ಟ್ರು ತಲೆ ಚಚ್ಚಿಕೊಂಡರು. ಆಮೇಲೆ ಅವನು ಸ್ಟೇಜಿನ ಕಡೆ ತಲೆ ಹಾಕಲಿಲ್ಲ.

ಒಂದು ದಿನ ಅರಕಲಗೂಡಿನ ಹತ್ತಿರ ಸೀರಿಯಲ್ಲಿನವರು ಬಂದು ಎತ್ತು ಬೇಕೆಂದರು. ಲೈಟಿಗೆ ಎತ್ತು ಬೆದರಬಾರದೆಂದು ಆಸ್ಪತ್ರೆಯವರು ಇವನನ್ನು ಜೊತೆಗೆ ಕಳಿಸಿದರು. ಡೈರೆಕ್ಟರು ಎತ್ತು ನೋಡುವ ಬದಲು ಇವನ ಮುಖ ನೋಡಿದರಂತೆ. "ಈ ಮುಖ ಇರ್ಲಿ" ಅಂದರಂತೆ. ಅಲ್ಲಿಂದ ಶುರುವಾಯಿತು. ಹೆಣ್ಣಿನ ತಂದೆಯಾದ, ಕೋರ್ಟಿನ ಗುಮಾಸ್ತನಾದ, ಆಪರೇಷನ್ ಕೋಣೆಯಿಂದ ಹೊರಗೆ ಬಂದು ತಲೆಯಾಡಿಸುವ ಡಾಕ್ಟರಾದ. ಒಂದು ಬ್ಯಾಗಿನಲ್ಲಿ ಬಿಳಿ ಪಂಚೆ, ಶಲ್ಯ, ಕರಿ ಕೋಟು, ಗಾಜಿಲ್ಲದ ಕನ್ನಡಕ ಇಟ್ಟುಕೊಂಡು ಬೆಂಗಳೂರು ಬಸ್ಸು ಹತ್ತುತ್ತಾನೆ. ಸಾಯುವ ಪಾತ್ರಗಳೇ ಅವನಿಗೆ ಜಾಸ್ತಿ. ನಾನು ದುಡ್ಡು ಕೊಟ್ಟು ರಾಜನಾಗುತ್ತೇನೆ, ಇವನು ದುಡ್ಡು ಇಸಕೊಂಡು ಹೆಣವಾಗುತ್ತಾನೆ. ಇದಕ್ಕಿಂತ ಅನ್ಯಾಯ ಬೇಕೆ?

ನನ್ನ ಹೆಂಡತಿ ಅದನ್ನೆಲ್ಲ ಫೋನಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಾಳೆ. ಇಡೀ ಸೀರಿಯಲ್ಲು ಅವಳಿಗೆ ಬೇಡ, ತಮ್ಮ ಬಾಗಿಲು ತೆಗೆದು, "ಯಾರು ಬೇಕು?" ಅಂದ ತುಣುಕು ಸಾಕು. ತವರಿನ ಕಡೆಯಿಂದ ಕಾಗೆ ಬಂದು ಕೂತರೂ ಅದಕ್ಕೆ ಒಂದು ಹಿಡಿ ಅನ್ನ ಹೆಚ್ಚು ಹಾಕುವವಳು ಅವಳು, ಇನ್ನು ತಮ್ಮನನ್ನು ಬಿಡುತ್ತಾಳೆಯೇ? ಒಮ್ಮೆ ಅವನು ಮಗಳ ಮದುವೆ ಮುರಿದು ಎದೆ ಹಿಡಿದುಕೊಂಡು ಸತ್ತ. ಅವತ್ತು ಅವಳು ಕಣ್ಣೊರೆಸಿಕೊಂಡು ಊಟ ಬಿಟ್ಟಳು. ಸತ್ತವನು ಹೊಳೆನರಸೀಪುರದಿಂದ ಫೋನು ಮಾಡಿ, "ಅಕ್ಕ, ಉಂಡ್ಯಾ?" ಅಂತ ಕೇಳಿದ ಮೇಲೆ ತಟ್ಟೆ ಹಾಕಿಕೊಂಡಳು. ನಾನು ರಾಜನಾಗಿ ರಾಗ ಎಳೆಯುತ್ತಾ ಸತ್ತು ಬಂದ ಬೆಳಿಗ್ಗೆ ಅವಳು ಕೇಳಿದ್ದು, "ಬಣ್ಣ ಟವಲ್ಲಿಗೆ ಒರೆಸಿದ್ರಾ?" ಅಂತ. ನನಗೆ ಹೊಟ್ಟೆಕಿಚ್ಚೇ ಅಂತ ಯಾರಾದರೂ ಕೇಳಿದರೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಕಳೆದ ವರ್ಷ ಅವನಿಗೆ ಸಿನಿಮಾದಲ್ಲಿ ಮೊದಲನೇ ಸಲ ಉದ್ದದ ಡೈಲಾಗು ಸಿಕ್ಕಿತು. ನುಗ್ಗೇಹಳ್ಳಿಯಲ್ಲಿ ಶೂಟಿಂಗು. ತಾನೇ ಮನೆಗೆ ಬಂದು ಹೇಳಿದ. "ಭಾವ, ನೀವೂ ಬನ್ನಿ. ಊರೋರು ಅಂತ ನಿಲ್ಲಕ್ಕೆ ಜನ ಬೇಕಂತೆ. ನಿಮ್ಮನ್ನ ಮುಂದ್ಗಡೆ ನಿಲ್ಸಿ ಅಂತ ಹೇಳಿದೀನಿ."

ಅವನ ಶಿಫಾರಸಿನ ಮೇಲೆ ಹೋಗುವುದೆಂದರೆ ಮೈ ಉರಿಯಿತು. ಹೋಗದೆ ಇರುವುದಕ್ಕೂ ಮನಸ್ಸಾಗಲಿಲ್ಲ. ಯಾಕೆಂದರೆ ಹೆಂಡತಿಯೂ ಹೊರಟಿದ್ದಳು. ಹಗಲು ಹೊತ್ತಿನ ಕೆಲಸ, ಹಸ ಕರೆಯುವ ನೆಪವಿಲ್ಲ. ಕ್ಯಾಮೆರಾ ಮುಂದೆ ನಾನು, ಎದುರಿಗೆ ಅವಳು. ಮೀಸೆಗೆ ಎಣ್ಣೆ ಹಚ್ಚಿ ತಿರುವಿಕೊಂಡೆ.

ಬಸ್ಸಿನಲ್ಲಿ ನೋಡಿದರೆ ಅವಳ ಚೀಲದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ.

"ಯಾಕೆ ಇದು?" ಅಂದೆ.

"ಮೊದಲ್ನೇ ಸಲ ಅಲ್ವಾ? ಹಾರ ಹಾಕ್ದೆ ಇದ್ರೆ ಚೆನ್ನಾಗಿರ್ತದಾ?" ಅಂದಳು.

ಮೊದಲನೇ ಸಲ. ನಾನು ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದದ್ದೂ ಮೊದಲನೇ ಸಲವೇ ತಾನೆ. ಹೆಚ್ಚು ಕೇಳಲು ಹೋಗಲಿಲ್ಲ. ನುಗ್ಗೇಹಳ್ಳಿ ಬರುವವರೆಗೂ ಕಿಟಕಿಯಾಚೆಯ ತೆಂಗಿನ ತೋಟಗಳನ್ನು ನೋಡುತ್ತಾ ನನ್ನಷ್ಟಕ್ಕೆ ನಾನೇ ನಗುತ್ತಾ ಕೂತಿದ್ದೆ.

ದೇವಸ್ಥಾನದ ಪಕ್ಕದ ಬೀದಿಯಲ್ಲಿ ಕ್ಯಾಮೆರಾ ಇಟ್ಟಿದ್ದರು. ಸನ್ನಿವೇಶ ಇಷ್ಟು: ಮಾಡದ ಕಳ್ಳತನದ ಆಪಾದನೆ ಹೊತ್ತು ಜೈಲಿಗೆ ಹೋಗಿದ್ದ ಮೇಷ್ಟ್ರು ಬಿಡುಗಡೆಯಾಗಿ ಊರಿಗೆ ಬರುತ್ತಾರೆ. ಸುಳ್ಳು ಸಾಕ್ಷಿ ಹೇಳಿದ ಊರಿನವರು ಸಾಲಾಗಿ ನಿಂತಿದ್ದಾರೆ, ಒಬ್ಬರೂ ಮಾತಾಡಿಸುವುದಿಲ್ಲ. ಮೇಷ್ಟ್ರು ಒಬ್ಬೊಬ್ಬರ ಮುಖ ನೋಡುತ್ತಾ ಮಾತಾಡಬೇಕು. ಮೇಷ್ಟ್ರು ನನ್ನ ಭಾವಮೈದ. ಊರಿನವರು ನಾವು. ಟೋಪಿ ಹಾಕಿಕೊಂಡಿದ್ದ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗಿ ನನ್ನನ್ನು ಮುಂದಿನ ಸಾಲಿಗೆ ಎಳೆದು, "ಅಂಕಲ್, ನೀವು ತಲೆ ತಗ್ಗಿಸಿ ನಿಂತ್ಕೊಳ್ಳಿ. ಮತ್ತೇನೂ ಮಾಡ್ಬೇಡಿ" ಅಂದಳು.

ಇಷ್ಟು ವರ್ಷ ಸಿಂಹಾಸನದ ಮೇಲೆ ಕೂತವನು ನಾನು. ಇವನ ಮುಂದೆ ತಲೆ ತಗ್ಗಿಸಬೇಕು.

ತಗ್ಗಿಸಿದೆ. ಅವನು ಮಾತು ಶುರು ಮಾಡಿದ. ನಿಜ ಹೇಳುತ್ತೇನೆ, ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ. ಏರಿಲ್ಲ, ಇಳಿವಿಲ್ಲ, ಕೈ ಎತ್ತುವುದಿಲ್ಲ. ಇದನ್ನು ಹಿಂದಿನ ಸಾಲಿನವರಿಗೆ ಮುಟ್ಟಿಸುವುದು ಹೇಗೆ ಅಂದುಕೊಂಡೆ. ಅಷ್ಟರಲ್ಲಿ ಬಲಗಡೆ ಏನೋ ಸರಿದಾಡಿದಂತಾಯಿತು. ಓರೆಗಣ್ಣಿನಲ್ಲಿ ನೋಡಿದೆ.

ನನ್ನ ಹೆಂಡತಿ ಹಾರ ಹಿಡಿದು ಬರುತ್ತಿದ್ದಳು. ನಮ್ಮ ಕಡೆಯ ನಾಟಕದಲ್ಲಿ ಎಲ್ಲರೂ ಬರುವಂತೆಯೇ, ಸೆರಗು ಹೊದ್ದು, ಯಾರನ್ನೂ ಕೇಳದೆ, ನಡುಮಧ್ಯೆ. ಬೆಳಗಾನ ನಾಟಕ ನೋಡದಿದ್ದರೂ ಹಾರ ಯಾವಾಗ ಹಾಕಬೇಕೆಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾ ಓಡುತ್ತಿದ್ದರೆ ಅಡ್ಡ ಬರಬಾರದು ಅನ್ನುವುದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ನೇರ ನನ್ನ ಕಡೆಗೇ ಬರುತ್ತಿದ್ದಳು. ಶೂಟಿಂಗು, ಡೈರೆಕ್ಟರು, ಟೋಪಿ ಹುಡುಗಿ ಎಲ್ಲ ಮರೆತುಹೋಯಿತು. ಇಷ್ಟು ವರ್ಷದ ಅಭ್ಯಾಸದಂತೆ ಎರಡೂ ಕೈ ಜೋಡಿಸಿ, ಕುತ್ತಿಗೆಯನ್ನು ಚೆನ್ನಾಗಿ ಮುಂದಕ್ಕೆ ಬಗ್ಗಿಸಿದೆ.

ಸೇವಂತಿಗೆ ವಾಸನೆ ನನ್ನ ಮೂಗಿನ ಮುಂದೆ ಹಾದುಹೋಯಿತು. ಅವಳ ಕಾಲು ನಿಲ್ಲಲಿಲ್ಲ. ನನ್ನನ್ನು ದಾಟಿಕೊಂಡು ಹೋಗಿ ತಮ್ಮನ ಕೊರಳಿಗೆ ಹಾರ ಹಾಕಿದಳು.

'ಕಟ್' ಅನ್ನುತ್ತಾರೆ, ಇಬ್ಬರಿಗೂ ಬೈಗುಳ ಬೀಳುತ್ತದೆ ಅಂದುಕೊಂಡೆ. ಬೀಳಲಿ ಅಂತಲೂ ಅಂದುಕೊಂಡೆ. ಕ್ಯಾಮೆರಾ ಓಡುತ್ತಲೇ ಇತ್ತು. ಭಾವಮೈದ ಅವಳನ್ನೇ ನೋಡುತ್ತಾ ನಿಂತ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಮೆಲ್ಲಗೆ, "ನೀನೊಬ್ಳಾದ್ರೂ ಬಂದ್ಯಲ್ಲ ತಾಯಿ" ಅಂದ. ಅಂದು ಹಾರದ ಸಮೇತ ನಡೆದು ಹೋದ. ಆಮೇಲೆ 'ಕಟ್' ಅಂದರು. ಡೈರೆಕ್ಟರು ಕುರ್ಚಿ ಬಿಟ್ಟು ಎದ್ದು ಬಂದು ನನ್ನ ಹೆಂಡತಿಗೆ ಕೈ ಮುಗಿದರು.

ನನ್ನನ್ನೂ ಕರೆದು ಮಾನಿಟರಿನಲ್ಲಿ ತೋರಿಸಿದರು. ಅವಳು ಹಾರ ಹಿಡಿದು ಬರುವುದು, ಅವಳ ಹಿಂದೆ ಮೀಸೆಯವನೊಬ್ಬ ಕೈ ಜೋಡಿಸಿ ನನ್ನ ಭಾವಮೈದನಿಗೆ ಕುತ್ತಿಗೆ ಬಗ್ಗಿಸಿ ನಮಸ್ಕಾರ ಮಾಡುವುದು, ಎಲ್ಲ ಸ್ಪಷ್ಟವಾಗಿತ್ತು. "ಸೂಪರ್ ಸರ್, ಪಶ್ಚಾತ್ತಾಪ ಅಂದ್ರೆ ಹಿಂಗಿರ್ಬೇಕು" ಅಂದರು ಡೈರೆಕ್ಟರು. ಭಾವಮೈದ ಪಕ್ಕದಲ್ಲೇ ನಿಂತಿದ್ದ. "ಭಾವನೋರು ಅನುಭವಸ್ಥರು ಸಾ" ಅಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ವಾರ ಅವನ ಫೋನು ಬಂತು. ನನಗಲ್ಲ, ಅವಳಿಗೆ. ಹಾರ ಹಾಕಿದ ಹೆಂಗಸನ್ನು ಕಥೆಯಲ್ಲಿ ಮುಂದುವರಿಸುತ್ತಾರಂತೆ, ಮೊಸಳೆ ಅನ್ನುವ ಊರಿನಲ್ಲಿ ಇನ್ನೊಂದು ಸೀನು ಇದೆಯಂತೆ, ಮಾತೂ ಇದೆಯಂತೆ. "ಅದೇ ಸೀರೆ ಉಟ್ಕಂಡ್ ಬಾ ಅಕ್ಕ. ಭಾವಂಗೂ ಹೇಳು" ಅಂದನಂತೆ. ಭಾವನಿಗೆ ಏನು ಹೇಳಬೇಕು, ಮನೆಯಲ್ಲಿ ಅನ್ನ ಬೇಯಿಸಿಕೊಳ್ಳಲು ಹೇಳಬೇಕು. ಮೊದಲು ಒಬ್ಬನ ಮೇಲಿದ್ದ ಹೊಟ್ಟೆಕಿಚ್ಚು ಈಗ ಇಬ್ಬರ ಮೇಲಾಯಿತು.

ಆವತ್ತು ಸಂಜೆ ಅವಳು ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಂದೆ ನಿಂತಳು. ಯಾವತ್ತೂ ಹಾಗೆ ನಿಂತವಳಲ್ಲ.

"ಏನ್ರೀ," ಅಂದಳು, "ನಂಗೆ ಭಯ ಆಯ್ತದೆ. ಮಾತಾಡೋವಾಗ ಕೈ ಏನ್ ಮಾಡ್ಬೇಕು? ಸುಮ್ನೆ ಇಳೇಬಿಟ್ರೆ ಜೋತಾಡ್ತವೆ. ನೀವು ಇಷ್ಟು ವರ್ಷ ಮಾಡಿದೀರಲ್ಲ, ಒಂಚೂರು ಮಾಡಿ ತೋರ್ಸಿ."

ನಾನು ಎದ್ದು ನಿಂತೆ. ಕೊಬ್ಬರಿ ಚೀಲಗಳನ್ನು ಕಾಲಲ್ಲಿ ಬದಿಗೆ ಸರಿಸಿ ಜಾಗ ಮಾಡಿಕೊಂಡೆ. ಅವಳು ಜಗಲಿಯ ಮೇಲೆ ಕೂತು ಸೆರಗು ಮಡಿಲಿಗೆ ಎಳೆದುಕೊಂಡು ನನ್ನನ್ನೇ ನೋಡತೊಡಗಿದಳು. ಅವಳ ಕಣ್ಣಲ್ಲಿ ನಿದ್ದೆಯಿರಲಿಲ್ಲ. ಸೀನಿನಲ್ಲಿ ಅವಳಿಗೆ ಕೊಟ್ಟಿದ್ದ ಡೈಲಾಗನ್ನೇ ತೆಗೆದುಕೊಂಡೆ: 'ಮೇಷ್ಟ್ರೇ, ನಮ್ಮನ್ನ ಕ್ಷಮಿಸಿ.' ಬಲಗೈ ಎತ್ತಿದೆ, ಎಡಗೈ ಎದೆಗಿಟ್ಟೆ, ದನಿ ನಾಭಿಯಿಂದ ತಂದೆ. ಹಾರ್ಮೋನಿಯಂ ಮೇಷ್ಟ್ರು ಕಲಿಸಿದ್ದು, ಊರೂರಿನ ಜನ ಒನ್ಸ್ ಮೋರ್ ಅಂದದ್ದು, ಎಲ್ಲವನ್ನೂ ಆ ಮೂರು ಮಾತಿಗೆ ಸುರಿದೆ. ಅಷ್ಟು ಚೆನ್ನಾಗಿ ನಾನು ಯಾವ ಸ್ಟೇಜಿನ ಮೇಲೂ ಮಾಡಿರಲಿಲ್ಲ. ಕೊನೆಗೆ ಕೈ ಹಾಗೇ ಗಾಳಿಯಲ್ಲಿ ನಿಲ್ಲಿಸಿ ಅವಳ ಮುಖ ನೋಡಿದೆ.

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ನಮ್ಮ ಮದುವೆಯಾದ ಮೇಲೆ ನನ್ನ ವಿಷಯಕ್ಕೆ ಅವಳು ಅಷ್ಟು ಶ್ರದ್ಧೆಯಿಂದ ಯೋಚನೆ ಮಾಡಿದ್ದು ಅದೇ ಮೊದಲು.

"ಬ್ಯಾಡ ಬಿಡಿ," ಅಂದಳು ಬಹಳ ಮೃದುವಾಗಿ, ನನಗೆ ನೋವಾಗಬಾರದೆಂಬಂತೆ. "ಅಂಗ್ ಮಾಡಿದ್ರೆ ಆಕ್ಟಿಂಗ್ ಮಾಡ್ತಾವ್ಳೆ ಅನ್ನದು ಗೊತ್ತಾಗ್ಬುಡ್ತದೆ."