ಭರ್ಜಿ ಎಸೆಯುವವನ ಭುಜ

೧೯೬೨ರ ದೀಪಾವಳಿ ಮುಗಿದ ಮೇಲೆ ನಮ್ಮ ತಂದೆಯವರು ನನ್ನ ತಮ್ಮನನ್ನು ಕೊಲ್ಹಾಪುರದ ಒಂದು ತಾಲೀಮಿಗೆ, ಅಂದರೆ ಗರಡಿಗೆ, ಸೇರಿಸಿದರು. ಅವನು ಕುಸ್ತಿ ಆಡಲಿ ಎಂದಲ್ಲ, ಭರ್ಜಿಯನ್ನು ಇನ್ನೂ ದೂರ ಎಸೆಯಲಿ ಎಂದು.

ತಮ್ಮ ಅಲ್ಲಿಯ ಕಾಲೇಜಿನಲ್ಲಿ ಓದುತ್ತಿದ್ದ. ಮೈ ಸಣ್ಣದು, ಕೈ ಉದ್ದ. ಕಾಲೇಜಿನಲ್ಲಿ ಅವನಷ್ಟು ದೂರ ಎಸೆಯುವವರು ಇರಲಿಲ್ಲ. ಮುಂದಿನ ಚಳಿಗಾಲ ಇಚಲಕರಂಜಿಯಲ್ಲಿ ಜಿಲ್ಲೆಯ ತಂಡದ ಆಯ್ಕೆ ನಡೆಯುವುದಿತ್ತು. ಆ ತಂಡದಲ್ಲಿ ಒಮ್ಮೆ ಆಡಬೇಕೆಂಬುದು ಅವನ ಆಸೆ. ಅದಕ್ಕೆ ಅದೊಂದೇ ವರ್ಷ ಉಳಿದಿತ್ತು. ಓದು ಮುಗಿದ ಮೇಲೆ ಗಡಹಿಂಗ್ಲಜದ ನಮ್ಮ ಬೆಲ್ಲದ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಮೊದಲೇ ನಿಶ್ಚಯವಾಗಿತ್ತು.

ತಂದೆಯವರು ಪ್ರಾಯದಲ್ಲಿ ಕುಸ್ತಿ ಆಡಿದವರು. ಗಾಡಿ ತಳ್ಳುವುದಿರಲಿ, ಭರ್ಜಿ ಎಸೆಯುವುದಿರಲಿ, ನಮ್ಮ ಕಡೆ ಎಲ್ಲಕ್ಕೂ ಔಷಧ ಒಂದೇ: ಹಾಲು, ಬದಾಮು, ದಂಡ-ಬೈಠಕ್ಕು.

"ಇಷ್ಟು ಬಡಕಲ ಇದ್ದು ಇಷ್ಟು ದೂರ ಒಗೀತಾನಂದ್ರ, ಮೈ ತುಂಬಿದ ಮ್ಯಾಲ ಕಾಗಲ ಊರ ದಾಟಸ್ತಾನ ನೋಡ್ರಿ," ಎಂದು ಅವರು ತಾಲೀಮಿನ ಗುರುಗಳಾದ ವಸ್ತಾದರಿಗೆ ಹೇಳಿದರು.

ಭರ್ಜಿಗೆ ಭಾಲಾ ಎನ್ನುತ್ತಿದ್ದ ವಸ್ತಾದರು ತಮ್ಮನ ತೋಳು ಹಿಚುಕಿ ನಕ್ಕರು. "ಇದೇನ್ರಿ ಮಾಲಕ್, ಭಾಲಾಕ್ಕಿಂತ ಇವನ ತೋಳ ಸಣ್ಣ ಐತಿ!"

ನಾನು ಆಗ ಕೊಲ್ಹಾಪುರದ ಒಂದು ಮರಾಠಿ ದಿನಪತ್ರಿಕೆಯಲ್ಲಿ ಆಟೋಟದ ವರದಿ ಬರೆಯುತ್ತಿದ್ದೆ. ಸಂಜೆ ಬಿಡುವಿದ್ದಾಗ ತಮ್ಮನ ಅಭ್ಯಾಸ ನೋಡಲು ಹೋಗುತ್ತಿದ್ದೆ. ಅವನು ಬೆಳಗಾದರೆ ತಾಲೀಮಿನ ಕೆಂಪು ಮಣ್ಣು ಅಗೆಯುತ್ತಿದ್ದ, ಗದೆ ತಿರುಗಿಸುತ್ತಿದ್ದ. ಹೋಳಿಯ ಹೊತ್ತಿಗೆ ಅವನ ಹಳೆಯ ಅಂಗಿಗಳು ಹೆಗಲಿನ ಹೊಲಿಗೆ ಬಿಟ್ಟವು. ಎಸೆತ ಮೊದಲಿಗಿಂತ ಹತ್ತಿರ ಬೀಳುತ್ತಿತ್ತು.

ಭರ್ಜಿ ಎಸೆತದಲ್ಲಿ ಕೈಯ ಕೆಲಸ ಕೊನೆಯದು. ಓಡಿ ಬಂದು ಎಡಗಾಲು ಊರಿದಾಗ ಮೊದಲು ಸೊಂಟ ತಿರುಗಬೇಕು, ಆಮೇಲೆ ಎದೆ, ಆಮೇಲೆ ಭುಜ. ಅಲ್ಲಿಯವರೆಗೆ ಕೈ ಹಿಂದಕ್ಕೆ ಚಾಚಿಕೊಂಡೇ ಇರಬೇಕು. ಕೊನೆಗೆ ಮೊಣಕೈ ಕಿವಿಯ ಮಟ್ಟದಲ್ಲಿ ಮುಂದೆ ಬಂದು, ಕೈ ಬಾರುಕೋಲಿನ ತುದಿಯಂತೆ ಬೀಸಬೇಕು. ತಮ್ಮನಿಗೆ ಇದು ಯಾರೂ ಕಲಿಸದೆ ಬಂದಿತ್ತು. ಈಗ ಮೈ ತುಂಬಿ ಭುಜ ಬಿಗಿದು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ, ಮೊಣಕೈ ಪಕ್ಕೆಗೆ ಇಳಿಯುತ್ತಿತ್ತು. ಭರ್ಜಿಯ ಮೊನೆ ಮೇಲಕ್ಕೆದ್ದು, ನಡುವೆಯೇ ಸೋತು, ಬಾಲ ಮೊದಲು ನೆಲಕ್ಕೆ ಬೀಳುತ್ತಿತ್ತು. ಮೊನೆ ಮೊದಲು ನೆಲ ಮುಟ್ಟದಿದ್ದರೆ ಆ ಎಸೆತವನ್ನು ಅಳೆಯುವುದಿಲ್ಲ.

ನಮ್ಮ ಪತ್ರಿಕೆಯ ಫೋಟೋಗ್ರಾಫರು ಹಿಂದಿನ ವರ್ಷ ಅವನು ಎಸೆಯುವಾಗಿನ ಒಂದು ಫೋಟೋ ತೆಗೆದಿದ್ದರು. ಅದೇ ಬದಿಯಿಂದ ಇನ್ನೊಂದು ತೆಗೆಯಲು ಕರೆದುಕೊಂಡು ಹೋದೆ. ಅವರು ಫೋಟೋ ತೆಗೆದು ಕ್ಯಾಮೆರಾ ಇಳಿಸಿ, "ಇಂವಾ ಭಾಲಾ ಒಗ್ಯಾಕತ್ತಾನೋ, ಗ್ವಾಡಿ ನೂಕಾಕತ್ತಾನೋ?" ಎಂದರು.

ತಮ್ಮನಿಗೂ ತಿಳಿದಿತ್ತು. "ಅಣ್ಣಾ, ನೀನ ಅಪ್ಪಾರಿಗೆ ಹೇಳು. ವಸ್ತಾದರ ಕಾಲ ಮುಟ್ಟಿ ಒಳಗ ಹೋಗೇನಿ. ನಡುವ ಬಿಟ್ಟು ಬಂದ್ರ ಅಪ್ಪಾರ ಮಾರಿ ಕೆಳಗ ಆಗತೈತಿ. ಅವರ ತಾವ ಬಂದು ಬಿಡಸಬೇಕು."

ಆ ಭಾನುವಾರ ಗಡಹಿಂಗ್ಲಜಕ್ಕೆ ಹೋಗಿ ಎರಡೂ ಫೋಟೋಗಳನ್ನು ಅಂಗಡಿಯ ಗಾದಿಯ ಮೇಲೆ ಅಕ್ಕಪಕ್ಕ ಇಟ್ಟೆ.

"ಅಪ್ಪಾ, ಮೊಣಕೈ ನೋಡ್ರಿ. ಮೊದಲ ಕಿವೀ ಮಟಾ ಇತ್ತು, ಈಗ ಪಕ್ಕಡಿಗೆ ಬಂದೈತಿ."

ತಂದೆಯವರು ಕನ್ನಡಕ ಹಾಕಿಕೊಂಡು ಎರಡನೆಯ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಅಂಗಡಿಯವರನ್ನು ಕೂಗಿದರು. "ಮಾಮಾ, ಬರ್ರಿ ಇಲ್ಲೆ. ಇದು ಹೋದ ವರ್ಷದ್ದು, ಇದು ಈಗಿಂದು. ಹ್ಯಾಂಗ ತುಂಬ್ಯಾನ ನೋಡ್ರಿ!"

"ಹೌದ್ರಿ, ಗೂಳಿ ಆಗ್ಯಾನ!"

ಎಸೆತ ಹತ್ತಿರ ಬೀಳುತ್ತಿದೆ ಎಂದು ಮತ್ತೆ ಹೇಳಿದೆ. "ಹೊಸಾ ಮೈ ಐತಿ, ಹದಕ್ಕ ಬರಬೇಕು. ಕುಸ್ತ್ಯಾಗೂ ಮೊದಲನೇ ವರ್ಷ ಹಂಗ," ಎಂದರು. "ನೀ ಪೇಪರದಾಂವ, ನಿಂದೆಲ್ಲಾ ಅವಸರ."

ಹೊರಡುವಾಗ ತಮ್ಮನಿಗೆಂದು ಒಂದು ಡಬ್ಬಿ ತುಪ್ಪ ಕೊಟ್ಟರು. ಕೊಲ್ಹಾಪುರದಲ್ಲಿ ಅದನ್ನು ತಮ್ಮನ ಕೈಗೆ ಕೊಟ್ಟೆ. ಅವನು ಡಬ್ಬಿ ನೋಡಿದ, ಮರುದಿನ ಬೆಳಿಗ್ಗೆ ಮತ್ತೆ ತಾಲೀಮಿಗೆ ಹೋದ.

೧೯೬೩ರ ಡಿಸೆಂಬರಿನಲ್ಲಿ ನೇಕಾರರ ಊರಾದ ಇಚಲಕರಂಜಿಯಲ್ಲಿ ಆಯ್ಕೆ ನಡೆಯಿತು. ಮೈದಾನದವರೆಗೂ ಮಗ್ಗಗಳ ಸದ್ದು ಕೇಳುತ್ತಿತ್ತು. ತಂದೆಯವರು ತಲೆಗೆ ಪಟಗಾ ಸುತ್ತಿಕೊಂಡು ಬಂದು ವಸ್ತಾದರ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ತಮ್ಮನ ಮೊದಲ ಎಸೆತದಲ್ಲಿ ಬಾಲ ನೆಲಕ್ಕೆ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯ, ಕೊನೆಯ ಎಸೆತಕ್ಕೆ ಮುಂಚೆ ಅವನು ಹಗ್ಗದ ಹತ್ತಿರ, ನಾನು ನಿಂತಲ್ಲಿಗೆ ಬಂದ.

"ಅಣ್ಣಾ, ಕೈ ಹಿಂದ ಹೋಗವಲ್ದು."

ನನಗೆ ತಿಳಿದಿದ್ದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದೆ. "ಸಾವಕಾಶ ಓಡಿ ಬಾ. ಬರೇ ಮೊನಿ ಕೆಳಗ ಇಡು," ಎಂದೆ.

ಅವನು ನಿಧಾನವಾಗಿ ಓಡತೊಡಗಿದ. ಮುಂದಿನ ಸಾಲಿನಿಂದ ತಂದೆಯವರು ಎದ್ದು ನಿಂತು ಕೂಗಿದರು: "ಜೋರ್ ಹಚ್ಚಲೇ! ಹಾಲ ಕುಡದಿಲ್ಲೇನ?" ಜನ ನಕ್ಕರು. ಅವನು ಜೋರು ಹಚ್ಚಿದ. ಭರ್ಜಿಯ ಮೊನೆ ಮೇಲಕ್ಕೆದ್ದಿತು. ಅದು ಬಿದ್ದಲ್ಲಿ ನಿಂತಿದ್ದವರು ಎಸೆತ ಲೆಕ್ಕಕ್ಕಿಲ್ಲ ಎಂದು ಕೆಂಪು ಬಾವುಟ ಎತ್ತಿದರು.

ಆ ದಿನದ ವರದಿ ನಾನೇ ಬರೆದೆ. ಆಯ್ಕೆಯಾದವರ ಹೆಸರುಗಳನ್ನಷ್ಟೇ ಕೊಡುವ ಪದ್ಧತಿ ಇತ್ತು.

ಮರುವರ್ಷ ಪರೀಕ್ಷೆ ಮುಗಿಸಿ ತಮ್ಮ ಅಂಗಡಿಯಲ್ಲಿ ಕೂತ. ತಂದೆಯವರು ಎರಡನೆಯ ಫೋಟೋಗೆ ಕಟ್ಟು ಹಾಕಿಸಿ ತಕ್ಕಡಿಯ ಮೇಲಿನ ಗೋಡೆಗೆ ತೂಗುಹಾಕಿದರು. ೧೯೬೮ರಲ್ಲಿ ನಾನು ಹೋದಾಗ ಅದು ಅಲ್ಲೇ ಇತ್ತು. ತಮ್ಮ ಮೇಲಿನ ಸಾಲಿನ ಬೆಲ್ಲದ ಪೆಂಟಿಯನ್ನು ಭರ್ಜಿ ಎಸೆಯುತ್ತಿದ್ದ ಬಲಗೈ ಎತ್ತದೆ, ಎಡಗೈಯಿಂದ ಇಳಿಸಿ ಗಿರಾಕಿಗೆ ಕೊಟ್ಟ.