ಬೂಷ್ಟು ಹಿಡಿದ ಮದುವೆ ಕ್ಯಾಸೆಟ್

ಗಂಗಾವತಿಯಲ್ಲಿ ಹಳೆಯ ಮದುವೆ ವಿಡಿಯೊಗಳನ್ನು ಡಿವಿಡಿ ಮಾಡಿಕೊಡುತ್ತಿದ್ದ ಹಾಲೇಶನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ಸೀಡಿ ತಂದುಕೊಟ್ಟರೆ ರೇಗುತ್ತಿದ್ದ: “ಒಮ್ಮಿ ಕುದಿಸಿದ ಚಾಪುಡಿ ಮತ್ತ ಕುದಿಸಿದ್ರ ಚಾ ಆಗ್ತೈತೇನ್ರಿ? ಮೂಲ ಕ್ಯಾಸೆಟ್ ತರ್ರಿ!”

2007ರಲ್ಲಿ ಅಳವಂಡಿಯ ಮಲ್ಲೇಶ್ವರಿ ತಾಯಿ ಪಂಪಮ್ಮನೊಂದಿಗೆ ಬಂದು, ತನ್ನ ಮದುವೆಯ ಸೀಡಿ, ಕ್ಯಾಸೆಟ್ ಎರಡನ್ನೂ ಮುಂದಿಟ್ಟಳು. ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಷ್ಟು ಹಿಡಿದಿತ್ತು.

“ಸೀಡಿಯಿಂದನ ಮಾಡಪಾ ತಮ್ಮಾ, ಛಲೋ ಐತಿ,” ಎಂದಳು ಪಂಪಮ್ಮ.

“ಸೀಡಿ ಮಾಡಿದವ ಭಾಳ ಕತ್ತರಿಸ್ಯಾನ. ಅದರಾಗ ನೀ ಎಲ್ಲೂ ಇಲ್ಲಬೇ ಯವ್ವಾ,” ಎಂದಳು ಮಗಳು. ವಿಧವೆ ಎದುರು ಬರಬಾರದೆಂದು ಬೀಗರು ಮದುವೆಯ ದಿನ ಪಂಪಮ್ಮನನ್ನು ಹಿಂದೆ ಸರಿಸಿದ್ದರು.

“ಈ ಟೇಪು ಒಮ್ಮಿ ಓಡಿದ್ರ ಪುಣ್ಯ. ನಡುವ ಹರದ್ರ ನನ್ನ ಕೇಳಬ್ಯಾಡ್ರಿ,” ಎಂದು ಗದರಿ, ಹಾಲೇಶ ಬೂಷ್ಟು ಒರೆಸಿ ಕ್ಯಾಸೆಟ್ ಹಾಕಿದ.

ಟೇಪು ಕಿರುಗುಟ್ಟಿತು. ಪರದೆಯ ತುಂಬ ಗೀರುಗಳೆದ್ದವು. ತಾಳಿ ಕಟ್ಟುವ ಹೊತ್ತಿಗೆ ಚಿತ್ರ ನಿಚ್ಚಳವಾಯಿತು. ಎಲ್ಲರ ಹಿಂದೆ, ಹಂದರದ ಕಂಬದ ಮರೆಯಿಂದ ಬಳೆಯಿಲ್ಲದ ಕೈಯೊಂದು ಹೊರಬಂದು, ವಧೂವರರತ್ತ ಅಕ್ಕಿಕಾಳು ತೂರಿ, ಥಟ್ಟನೆ ಮರೆಯಾಯಿತು.

ಪಂಪಮ್ಮ ಪರದೆಗೆ ಅಡ್ಡ ನಿಂತಳು. “ಇದೊಂದು ತಗದುಬಿಡು ತಮ್ಮಾ. ಬೀಗರು ನೋಡಿದ್ರ ಏನಂದಾರು?”

ಹಾಲೇಶ ಮಲ್ಲೇಶ್ವರಿಯ ಮುಖ ನೋಡಿದ. ಅವಳು ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಎರಡು ಡಿವಿಡಿ ಮಾಡ್ರಿ,” ಎಂದಳು. “ಒಂದು ನಮ್ಮ ಅತ್ತೀಗೆ.”