ಗೋಡೆಗೆ ಮುಖ ಮಾಡಿದ ಬೆಂಚುಗಳು

ನಮ್ಮ ಅಧ್ಯಕ್ಷರ ಎಡ ಕಂಕುಳಲ್ಲಿ ಯಾವಾಗಲೂ ಸುರುಳಿ ಸುತ್ತಿದ ಒಂದು ನಕ್ಷೆ ಇರುತ್ತಿತ್ತು. ನಮ್ಮ ಲೇಔಟಿನ ಪಾರ್ಕಿನ ನಕ್ಷೆ. ಹಾಲು ತರಲು ಹೋಗುವಾಗಲೂ ಇರುತ್ತಿತ್ತು, ಮದುವೆಯ ಊಟದ ಪಂಕ್ತಿಯಲ್ಲೂ ಇರುತ್ತಿತ್ತು. ಬಲಗೈ ಪಾಯಸ ಬಳಿಯುತ್ತಿದ್ದರೆ ಎಡತೋಳು ಅದನ್ನು ಮಗುವಿನಂತೆ ಅವುಚಿಕೊಂಡಿರುತ್ತಿತ್ತು. ನಮ್ಮ ಕಡೆಯ ಸೆಕೆ ಗೊತ್ತಲ್ಲ. ಏಪ್ರಿಲ್ ಬರುವಷ್ಟರಲ್ಲಿ ಕಾಗದದ ಒಂದು ಮೂಲೆ ಬೆವರಿಗೆ ನೆನೆದು, ಶಾಯಿ ಹರಡಿ, ಅಲ್ಲಿ ಏನಿತ್ತೆಂದು ತಿಳಿಯದ ಹಾಗೆ ನೀಲಿ ಕಲೆಯಾಗಿ ಹೋಗಿತ್ತು. ಅಲ್ಲಿದ್ದದ್ದು ಟಾಯ್ಲೆಟ್. ನನಗೆ ಗೊತ್ತು, ನಕ್ಷೆ ಬಂದ ದಿನವೇ ಕನ್ನಡಕ ಹಾಕಿಕೊಂಡು ಹುಡುಕಿದ್ದೆ.

ನನ್ನ ವಯಸ್ಸಿನ ಹೆಂಗಸಿಗೆ ಯಾವ ನಕ್ಷೆ ತೋರಿಸಿದರೂ ಮೊದಲು ಹುಡುಕುವುದು ಅದನ್ನೇ. ಬಿಪಿಗೆಂದು ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಅರ್ಧ ಗಂಟೆಗಿಂತ ಹೆಚ್ಚು ಮನೆಯಿಂದ ದೂರ ಇರುವ ಹಾಗಿಲ್ಲ. ಸಂಜೆ ಹೊರಗೆ ಕೂತು ನಾಲ್ಕು ಜನರ ಮುಖ ನೋಡಬೇಕೆಂಬ ಆಸೆ ನನಗಿತ್ತು. ಆ ಆಸೆ ಈಡೇರುವುದೋ ಬಿಡುವುದೋ ಎನ್ನುವುದು ಆ ನೀಲಿ ಕಲೆಯ ಒಳಗೆ ಸಿಕ್ಕಿಕೊಂಡಿತ್ತು.

ನಮ್ಮದು ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ ಈಚೆಗೆ ಎದ್ದ ಬಡಾವಣೆ. ಕಾಲೇಜುಗಳಿಗೆ ಪಾಠ ಮಾಡಲು ಬಂದವರು, ಗಲ್ಫಿನಿಂದ ತಿರುಗಿ ಬಂದವರು, ನನ್ನ ಮತ್ತು ನನ್ನ ತಂಗಿಯ ಹಾಗೆ ಶಾಲೆಯ ಕೆಲಸ ಮುಗಿಸಿ ಪೆನ್ಷನ್ ತಿನ್ನುವವರು. ಬಡಾವಣೆ ಮಾಡುವಾಗ ನಿಯಮದಂತೆ ಪಾರ್ಕಿಗೆಂದು ಒಂದು ಜಾಗ ಬಿಟ್ಟಿದ್ದರು. ಅಲ್ಲಿ ಇದ್ದದ್ದು ಒಂದು ನೇರಳೆ ಮರ, ಅದರ ಕೆಳಗೆ ಒಳ್ಳೆಯ ನೆರಳು, ಚೆಂಡಾಡುವ ಮಕ್ಕಳು. ಅಷ್ಟೇ ಇದ್ದರೂ ಸಾಕಿತ್ತು. ಆದರೆ ಅವರು ರಿಟೈರಾಗಿ ಬಂದರು.

ಅವರು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು ಬೇಕೆಂದಾಗ ಬೇರೆ ಯಾರೂ ಕೈ ಎತ್ತಲಿಲ್ಲ, ಇವರು ಎತ್ತಿದ ಕೈಯನ್ನು ಕೆಳಗಿಳಿಸಲಿಲ್ಲ. ಅಂದಿನಿಂದ ನಮಗೆ ಅವರು ಅಧ್ಯಕ್ಷರು. ಅವರ ಹತ್ತಿರ ಎರಡು ಮಾತುಗಳಿದ್ದವು. ಒಂದು, "ನೋಡುವ." ಬೇಡ ಎನ್ನುವುದಕ್ಕೆ ಬ್ಯಾಂಕಿನಲ್ಲಿ ಕಲಿತ ಪದ. ಇನ್ನೊಂದು, "ಎಲ್ಲದಕ್ಕೂ ಒಂದು ಲೆವೆಲ್ ಬೇಡ್ವಾ ಮಾರಾಯ್ರೆ?" ಕಸದ ಬುಟ್ಟಿಗೂ ಲೆವೆಲ್ ಬೇಕು, ಉಯ್ಯಾಲೆಗೂ ಲೆವೆಲ್ ಬೇಕು. ಅವರಷ್ಟು ಲೆವೆಲ್ ಹುಡುಕಿದ ಮನುಷ್ಯನನ್ನು ನಾನು ಕಂಡಿಲ್ಲ. ಅಷ್ಟು ಕೆಳಗಿನ ಟೇಸ್ಟ್ ಇದ್ದವರನ್ನೂ ಕಂಡಿಲ್ಲ.

ನಕ್ಷೆ ಬರೆದುಕೊಟ್ಟದ್ದು ಮಂಗಳೂರಿನ ಒಬ್ಬಳು ಆರ್ಕಿಟೆಕ್ಟ್ ಹುಡುಗಿ. ಚೆಂದದ ನಕ್ಷೆಯೇ. ಮರದ ಸುತ್ತ ಬೆಂಚುಗಳು, ಮಕ್ಕಳಿಗೆ ಒಂದು ಮೂಲೆ, ನಡೆಯಲು ದಾರಿ, ಹಿಂದಿನ ಗೋಡೆಯ ಹತ್ತಿರ ಟಾಯ್ಲೆಟ್. ಆ ನಕ್ಷೆಗೆ ಗ್ರಹಚಾರ ಹಿಡಿದದ್ದು ಅಧ್ಯಕ್ಷರ ಕಾರ್ ಶೆಡ್ಡಿನಲ್ಲಿ ನಡೆದ ಮೀಟಿಂಗಿನಲ್ಲಿ.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಹೋದವರಿಗೆ ಗೊತ್ತು, ನಮ್ಮಲ್ಲಿ ಒಂದು ಬಸ್ ತಂಗುದಾಣವೂ ಹೆಸರಿಲ್ಲದೆ ನಿಂತಿಲ್ಲ. ಪ್ರತಿಯೊಂದರ ಹಣೆಯ ಮೇಲೂ ತೀರಿಹೋದ ಯಾರದ್ದೋ ತಂದೆ, ಯಾರದ್ದೋ ತಾಯಿ. ಕೆಳಗೆ ಮಕ್ಕಳ ಕೊಡುಗೆ. ಒಳ್ಳೆಯ ಪದ್ಧತಿಯೇ, ಮಳೆಗೆ ಆಸರೆಯಾಗುತ್ತದೆ. ಅಧ್ಯಕ್ಷರು ಪಾರ್ಕನ್ನೂ ಹಾಗೆಯೇ ಹಂಚಿಬಿಟ್ಟರು. ಅವರು ನಕ್ಷೆ ಬಿಚ್ಚಿ ಒಂದೊಂದನ್ನೇ ಓದಿದರು, ಜನ ಒಂದೊಂದನ್ನೇ ಹಿಡಿದರು. ಬೆಂಚು ಎಂದಾಗ ಅರ್ಧ ಕಾರ್ ಶೆಡ್ ಕೈ ಎತ್ತಿತು. ಜಾರುಬಂಡಿಗೆ ಇಬ್ಬರು ಜಗಳಾಡಿದರು. ನಕ್ಷೆಯಲ್ಲಿ ಇಲ್ಲದ ಸ್ವಾಗತ ಕಮಾನನ್ನು ಅಧ್ಯಕ್ಷರೇ ಸೇರಿಸಿ, ತಮ್ಮ ತಾಯಿಯ ಹೆಸರಿನಲ್ಲಿ ತಾವೇ ಕೊಟ್ಟುಕೊಂಡರು. ಕೊನೆಗೆ ಉಳಿದದ್ದು ಆ ಮೂಲೆ.

"ಟಾಯ್ಲೆಟ್," ಎಂದರು ಅಧ್ಯಕ್ಷರು.

ಒಬ್ಬರು ಮೊಬೈಲ್ ನೋಡಿದರು. ಇನ್ನೊಬ್ಬರು ಕಾರಿನ ಟಯರು ನೋಡಿದರು.

ಅಧ್ಯಕ್ಷರು ನಕ್ಕರು. "ಅಪ್ಪನ ಹೆಸರು ಕಕ್ಕುಸಿಗೆ ಇಡ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಮಾರಾಯ್ರೆ? ಬಿಡುವ ಅದನ್ನು."

ನಾನು ಓದಿದ ಕಾನ್ವೆಂಟಿನಲ್ಲಿ ಪಾಠದ ನಡುವೆ ಹೊರಗೆ ಹೋಗಬೇಕಾದರೆ ಕೈ ಎತ್ತಿ, "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್" ಎನ್ನಬೇಕಿತ್ತು. ಸಿಸ್ಟರ್ ಬೇರೆ ಎಲ್ಲದರಲ್ಲೂ ಕಟ್ಟುನಿಟ್ಟು. ಅದಕ್ಕೆ ಮಾತ್ರ ಏಕೆ, ಏನು ಎಂದು ಕೇಳಿದವರಲ್ಲ. ತಲೆ ಆಡಿಸುತ್ತಿದ್ದರು, ಅಷ್ಟೇ. ಅದು ಡಿಗ್ನಿಟಿಯ ವಿಷಯ ಎಂದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷಗಳ ಮೇಲೆ ಆ ಕಾರ್ ಶೆಡ್ಡಿನಲ್ಲಿ ಮತ್ತೆ ನಾನು ಕೈ ಎತ್ತಿದೆ.

"ನಾನು ಕೊಡ್ತೇನೆ ಅಧ್ಯಕ್ಷರೇ. ಅಪ್ಪ ಅಮ್ಮ ಯಾರೂ ಬೇಡ. ನನ್ನ ಹೆಸರೇ ಹಾಕಿ."

"ನೀವು ಬದುಕಿರುವಾಗಲೇ? ಛೆ ಛೆ ಮೇಡಂ."

"ಬದುಕಿರುವವರಿಗೇ ಅಲ್ವಾ ಅದು ಬೇಕಾಗುದು?"

ಹಿಂದಿನ ಸಾಲಿನಲ್ಲಿ ಹೆಂಗಸರು ಕಿಸಕ್ಕೆಂದರು. ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. "ಗೇಟಿನಿಂದ ಒಳಗೆ ಬಂದ ಗೆಸ್ಟಿಗೆ ಎದುರಿಗೇ ಕಕ್ಕುಸು ಕಾಣುದಾ? ಎಲ್ಲದಕ್ಕೂ ಒಂದು ಲೆವೆಲ್ ಬೇಡ್ವಾ? ಹೆಂಗಸರಿಗೆ ಮನೆ ಹತ್ತಿರವೇ ಉಂಟು. ಗಂಡಸರಿಗೆ ಎಂತ, ಕಂಪೌಂಡ್ ಗೋಡೆ ಉಂಟು." ಗಂಡಸರು ನಕ್ಕರು. ಅಧ್ಯಕ್ಷರು ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸೇರಿಸಿದರು. "ನೋಡುವ ಮೇಡಂ," ಎಂದರು.

ಮುಗಿಯಿತು.

ಪಾರ್ಕು ಎದ್ದಿತು. ಬೆಂಚಿನ ಒರಗಿನ ಎದುರು ಬದಿಯಲ್ಲಿ ಹೆಸರು ಕೆತ್ತಿಸಿದರೆ ಕೂತವರ ಬೆನ್ನು ಅದನ್ನು ಮುಚ್ಚುತ್ತದೆ ಎಂದು ಯಾರೋ ತಕರಾರು ತೆಗೆದರು. ಹಿಂಬದಿಯಲ್ಲಿ ಕೆತ್ತಿಸಿದರು. ಹಿಂಬದಿಯಲ್ಲಿ ಕೆತ್ತಿಸಿದರೆ ಗೇಟಿನಿಂದ ಬರುವವರಿಗೆ ಕಾಣಬೇಡವೆ? ಅಧ್ಯಕ್ಷರು ಯೋಚಿಸಿದರು. ಮನುಷ್ಯ ಯೋಚಿಸಿದಾಗಲೆಲ್ಲ ನಮಗೆ ಒಂದು ಕೇಡು ತಪ್ಪುತ್ತಿರಲಿಲ್ಲ. ಅಷ್ಟೂ ಬೆಂಚುಗಳನ್ನು ಗೇಟಿಗೆ ಬೆನ್ನು ಮಾಡಿ, ಹಿಂದಿನ ಗೋಡೆಗೆ ಮುಖ ಮಾಡಿ, ಕಾಂಕ್ರೀಟಿನಲ್ಲಿ ಹೂಳಿಸಿಬಿಟ್ಟರು. ಗೇಟಿನಲ್ಲಿ ನಿಂತರೆ ಸತ್ತವರ ಹೆಸರುಗಳೆಲ್ಲ ಸಾಲಾಗಿ ಓದಲು ಸಿಗುತ್ತವೆ. ಬೆಂಚಿನಲ್ಲಿ ಕೂತರೆ ಆಡುವ ಮಕ್ಕಳು ಕಾಣುವುದಿಲ್ಲ, ದಾರಿಯಲ್ಲಿ ಹೋಗುವವರು ಕಾಣುವುದಿಲ್ಲ, ಪಕ್ಕದ ಬೆಂಚಿನವರ ಮುಖವೂ ಕಾಣುವುದಿಲ್ಲ. ಗೋಡೆ ಕಾಣುತ್ತದೆ. ತಪ್ಪು ಮಾಡಿದ ಮಕ್ಕಳನ್ನು ಮೂಲೆಗೆ ಮುಖ ಮಾಡಿಸಿ ಕೂರಿಸಿದ ಹಾಗೆ ನಾವು ಕೂರಬೇಕು.

ಗಂಡಸರು ಅಧ್ಯಕ್ಷರು ಹೇಳಿಕೊಟ್ಟಂತೆಯೇ ಆ ಗೋಡೆಯನ್ನು ಉಪಯೋಗಿಸತೊಡಗಿದರು. ಬೆಂಚಿನಲ್ಲಿ ಕೂತವರ ಎದುರಿಗೇ! ಅದನ್ನು ತಪ್ಪಿಸಲು ಗೋಡೆಗೆ ಎಲ್ಲ ಧರ್ಮದ ದೇವರ ಟೈಲ್ಸ್ ಅಂಟಿಸಿದರು. ಟಾಯ್ಲೆಟ್ ಕಟ್ಟಲಿಕ್ಕೆ ಆಗದ ಕಮಿಟಿ ದೇವರುಗಳನ್ನು ಕಾವಲಿಗೆ ನಿಲ್ಲಿಸಿತು.

ಇನ್ನು ನೇರಳೆ ಮರ. ಹಣ್ಣು ಬಿದ್ದು ಹೆಸರುಗಳ ಮೇಲೆ ಕಲೆಯಾಗುತ್ತದೆಂದು ಅದನ್ನು ಕಡಿಸಿದರು. ಚೆಂಡು ಬಡಿದು ಗ್ರಾನೈಟ್ ಒಡೆಯುತ್ತದೆಂದು ಚೆಂಡಾಟ ನಿಷೇಧ ಎಂಬ ಬೋರ್ಡು ಹಾಕಿಸಿದರು. ಆ ಬೋರ್ಡಿಗೂ ಒಬ್ಬರ ಕೊಡುಗೆ. ನಮ್ಮ ಕಾನ್ವೆಂಟಿನ ತೋಟದಲ್ಲಿ ಎರಡೇ ಬೆಂಚುಗಳಿದ್ದವು, ಒಂದಕ್ಕೊಂದು ಎದುರಾಗಿ. ಯಾರ ಹೆಸರೂ ಇರಲಿಲ್ಲ. ಅಲ್ಲಿ ಕೂತು ಆಡಿದ ಮಾತುಗಳು ನನಗೆ ಈಗಲೂ ನೆನಪುಂಟು.

ಉದ್ಘಾಟನೆಯ ದಿನದ ಒಂದು ಸಂಗತಿ ಬರೆಯದೆ ಇರಲಾರೆ. ಕಮಿಟಿಯ ಹೆಂಗಸರಿಗೆಲ್ಲ ಒಂದೇ ಬಣ್ಣದ ಯೂನಿಫಾರ್ಮ್ ಸೀರೆ, ಮೆರೂನ್. ಅಧ್ಯಕ್ಷರ ಹೆಂಡತಿ ಕಲಶ ಹಿಡಿದು ಕಮಾನಿನ ಕೆಳಗೆ ಎಲ್ಲರಿಗಿಂತ ಮುಂದೆ. ಆಕೆ ನನಗಿಂತ ಸ್ವಲ್ಪ ಚಿಕ್ಕವಳು, ಸಕ್ಕರೆ ಕಾಯಿಲೆ, ಮಾತು ಕಡಿಮೆ. ಬರಬೇಕಾದ ಗೆಸ್ಟು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಿಸಿಲು ಏರಿತು. ಆಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುವುದನ್ನು ನೋಡಿಯೇ ನನಗೆ ಅರ್ಥವಾಯಿತು. ಗಂಡನ ಹತ್ತಿರ ಏನೋ ಪಿಸುಗುಟ್ಟಿದಳು.

"ಈಗ ಬರ್ತಾರೆ ಮಾರಾಯ್ತಿ, ಹಂದಾಡ್ಬೇಡ," ಎಂದರು ಅವರು, ರಸ್ತೆ ನೋಡುತ್ತ.

ಗೆಸ್ಟು ಬಂದು, ದೀಪ ಹಚ್ಚಿ, ಭಾಷಣ ಹಿಡಿದಾಗ ಆಕೆ ನನ್ನ ಪಕ್ಕಕ್ಕೆ ಬಂದಳು. "ಅಕ್ಕಾ, ನಿಮ್ಮ ಮನೆ ಹತ್ತಿರ ಅಲ್ವಾ?" ಇಬ್ಬರೂ ಓಡಿದೆವು, ಓಡುವ ಕಾಲುಗಳಲ್ಲ, ಆದರೂ. ನಮ್ಮ ಮನೆಯ ಮೆಟ್ಟಿಲ ಮೇಲೆ ಆಕೆ ನಿಂತುಬಿಟ್ಟಳು. ತಡವಾಗಿತ್ತು. ಮೆರೂನ್ ಸೀರೆಯ ನೆರಿಗೆ ಒದ್ದೆಯಾಗಿ ಕಪ್ಪಾಗಿತ್ತು. ಆಕೆ ಅಳಲಿಲ್ಲ. "ನನ್ನ ಮರ್ಯಾದೆ ಹೋಯ್ತಲ್ಲ ಅಕ್ಕಾ," ಎಂದು ಮಾತ್ರ ಹೇಳಿದಳು. ನಾನು ಏನೂ ಕೇಳದೆ ತಲೆ ಆಡಿಸಿದೆ, ಬಾತ್‌ರೂಮಿನ ಬಾಗಿಲು ತೆರೆದೆ, ನನ್ನ ಒಂದು ನೀಲಿ ಕಾಟನ್ ಸೀರೆ ಕೊಟ್ಟೆ.

ತಿರುಗಿ ಬಂದಾಗ ಗ್ರೂಪ್ ಫೋಟೋ ನಡೆಯುತ್ತಿತ್ತು. ಅಧ್ಯಕ್ಷರು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ, ಏನಾಯಿತು ಎಂದು ಕೇಳಲಿಲ್ಲ.

"ಸೀರೆ ಯಾಕೆ ಬದಲಾಯ್ಸಿದ್ದು? ಫೋಟೋದಲ್ಲಿ ಎಲ್ರದ್ದೂ ಒಂದೇ ಕಲರ್ ಬೇಡ್ವಾ?"

ಆಕೆ ಸಾಲಿನ ಕೊನೆಗೆ ಹೋಗಿ ನಿಂತಳು. ಆ ಫೋಟೋ ಈಗಲೂ ಸಂಘದ ಆಫೀಸಿನಲ್ಲಿದೆ. ಮೆರೂನ್ ಸಾಲಿನ ತುದಿಯಲ್ಲಿ ಒಂದು ನೀಲಿ. ಆ ದಿನದವರೆಗೆ ಅಧ್ಯಕ್ಷರ ಮೇಲೆ ನನಗಿದ್ದದ್ದು ಬರೀ ತಮಾಷೆ. ಅಲ್ಲಿಂದ ಮುಂದೆ ತಿರಸ್ಕಾರ.

ಅವರ ಬಗ್ಗೆ ಒಳ್ಳೆಯದೇನೂ ಇಲ್ಲವೇ ಎಂದು ತಂಗಿ ಕೇಳುತ್ತಾಳೆ. ಒಂದು ಉಂಟು. ಬೆಳಿಗ್ಗೆ ಎದ್ದು ಏಣಿ ಇಟ್ಟು ಹತ್ತಿ, ಕಮಾನಿನ ಮೇಲಿದ್ದ ತಾಯಿಯ ಹೆಸರನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸುತ್ತಿದ್ದರು, ಕೆಲಸದವರಿಗೆ ಬಿಡುತ್ತಿರಲಿಲ್ಲ. ಒರೆಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು, ಆಗ ಮಾತ್ರ ಅವರ ಕಂಕುಳಲ್ಲಿ ಏನೂ ಇರುತ್ತಿರಲಿಲ್ಲ. ತೀರಿಹೋದ ಹೆಂಗಸಿಗೆ ಅಷ್ಟು ಉಪಚಾರ ಗೊತ್ತಿದ್ದ ಮನುಷ್ಯನಿಗೆ ಬದುಕಿರುವ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತು ಪಿಸುಗುಟ್ಟಿದ್ದು ಕೇಳಿಸಲಿಲ್ಲವಲ್ಲ. ಒಳ್ಳೆಯದನ್ನು ಹೇಳಲು ಹೋದರೂ ನನ್ನ ಬಾಯಲ್ಲಿ ಹೀಗೆ ಬರುತ್ತದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಉತ್ತರಕ್ರಿಯೆ ಕಳೆದ ಮೇಲೆ ಪಾರ್ಕಿನಲ್ಲಿ ನುಡಿನಮನದ ಸಭೆ. ನಾವೆಲ್ಲ ಗೋಡೆಗೆ ಮುಖ ಮಾಡಿ ಕೂತೆವು. ಮಾತನಾಡುವವರು ಬೇರೆ ದಾರಿಯಿಲ್ಲದೆ ಗೋಡೆಗೆ ಬೆನ್ನು ಕೊಟ್ಟು ದೇವರ ಟೈಲ್ಸಿನ ಮುಂದೆ ನಿಂತರು. ಹೊಗಳಿಕೆ ಮುಗಿದ ಮೇಲೆ ಹೊಸ ಅಧ್ಯಕ್ಷರು ಒಂದು ತೊಡಕನ್ನು ಬಿಚ್ಚಿಟ್ಟರು. ಅಗಲಿದವರ ಹೆಸರಿನಲ್ಲಿ ಪಾರ್ಕಿನಲ್ಲಿ ಏನಾದರೂ ಆಗಬೇಕು; ಆದರೆ ಹೆಸರಿಲ್ಲದ ವಸ್ತು ಯಾವುದೂ ಉಳಿದಿಲ್ಲ. ಕಮಾನಿನಲ್ಲಿ ಅವರದ್ದೇ ತಾಯಿ ಇದ್ದಾರೆ, ತೆಗೆಯುವ ಹಾಗಿಲ್ಲ. ಇನ್ನೊಂದು ಬೆಂಚಿಗೆ ಜಾಗವಿಲ್ಲ.

"ಜಾಗ ಉಂಟು," ಎಂದು ಒಂದು ಸ್ವರ ಬಂತು. ಅವರ ಹೆಂಡತಿ. ಆಕೆ ಸಭೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂತಲ್ಲಿಂದಲೇ ಕೈ ಎತ್ತಿ ಎದುರಿನ ಗೋಡೆಯ ಮೂಲೆಯನ್ನು ತೋರಿಸಿದಳು. "ಅಲ್ಲಿ ಟಾಯ್ಲೆಟ್ ಆಗ್ಲಿ. ಅವರ ಹೆಸ್ರಲ್ಲಿ ನಾನು ಕಟ್ಟಿಸ್ತೇನೆ."

ಹೊಸ ಅಧ್ಯಕ್ಷರ ಮುಖ ನೋಡಬೇಕಿತ್ತು. "ಅತ್ತಿಗೆ, ಅವ್ರ ಹೆಸರು ಅಲ್ಲಿಗಾ? ಜನ ನಗಾಡ್ತಾರೆ."

"ನಗಾಡ್ಲಿ. ಅವರು ಹೊರಗೆ ನಗಾಡುವಾಗ ನಾನು ಒಳಗೆ ಇರ್ತೇನೆ."

"ಹಾಗಲ್ಲ, ಅವರಿಗೆ ಒಂದು ಮರ್ಯಾದೆ ಉಂಟಲ್ಲ..."

"ಮರ್ಯಾದೆಗೇ ಹೇಳಿದ್ದು ನಾನು." ಆಕೆ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಒಳ್ಳೆ ಟೈಲ್ಸೇ ಹಾಕುವ. ಎದುರಿಗೆ ಗ್ರಾನೈಟ್. ಎಲ್ಲದಕ್ಕೂ ಒಂದು ಲೆವೆಲ್ ಬೇಕು ಹೇಳ್ತಿದ್ರಲ್ಲ ಅವರು."

ಟಾಯ್ಲೆಟ್ ಎದ್ದಿತು. ಕೈ ಹಿಡಿದುಕೊಳ್ಳಲು ಗೋಡೆಗೆ ಒಂದು ಸರಳು, ಮೆಟ್ಟಿಲಿಲ್ಲದ ಹೊಸ್ತಿಲು, ಕೈ ತೊಳೆಯಲು ನೀರು. ಈಗ ಸಂಜೆ ಹೆಂಗಸರು ಕತ್ತಲಾಗುವವರೆಗೂ ಕೂರುತ್ತಾರೆ. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಅರ್ಧಕ್ಕೆ ಎದ್ದು ಓಡುವುದಿಲ್ಲ. ನಾನೂ ಆಕೆಯೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಎಷ್ಟೋ ಸಲ ಆಕೆ ಆ ನೀಲಿ ಕಾಟನ್ ಸೀರೆಯನ್ನೇ ಉಟ್ಟು ಬರುತ್ತಾಳೆ. ನಾನು ವಾಪಸು ಕೇಳಲಿಲ್ಲ, ಆಕೆ ಕೊಡಲೂ ಇಲ್ಲ.

ಬೆಂಚುಗಳು ಹೇಗಿದ್ದವೋ ಹಾಗೆಯೇ ಇವೆ, ಕಾಂಕ್ರೀಟಿನಲ್ಲಿ ಹೂತವು. ನಾವು ಒರಗಿ ಕೂತ ಹೆಸರುಗಳು ಯಾರದ್ದೆಂದು ನಮಗೆ ಕಾಣುವುದಿಲ್ಲ. ಕೂತವರ ಕಣ್ಣಿಗೆ ಬೀಳುವ ಹೆಸರು ಇಡೀ ಪಾರ್ಕಿನಲ್ಲಿ ಒಂದೇ, ಎದುರಿನ ಬಾಗಿಲ ಮೇಲಿನ ಗ್ರಾನೈಟಿನಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ. ಅದಕ್ಕೇ ಇಲ್ಲಿ ಅವರ ಹೆಸರು ಬರೆಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಬೇಕಾದವರು ಬಂದು ಓದಬಹುದು. ಅವರನ್ನು ನಾನು ಮೆಚ್ಚಿದ್ದಿಲ್ಲ, ಈಗಲೂ ಇಲ್ಲ. ಆದರೆ ಋಣ ಋಣವೇ. ಸಂಜೆ ಒಮ್ಮೆಯಾದರೂ ಮೊಣಕಾಲು ಹಿಡಿದುಕೊಂಡು ಎದ್ದು, ಆ ಹೆಸರಿನ ಕೆಳಗಿನಿಂದ ಒಳಗೆ ಹೋಗಿ, ತೀರಿಸಿ ಬರುತ್ತೇನೆ.